ಕೆಂಪು ಬೊಟ್ಟು ಅಂಟಿಸಿದ ಬಟನ್

ಹರಿಹರ
12 ಡಿಸೆಂಬರ್ 2024

ಭೂಷಣ,

ನೀನು ಚೆನ್ನಾಗಿದ್ದೀಯೆಂದು ನಂಬಿಕೊಂಡು ನೇರ ವಿಷಯಕ್ಕೆ ಬರುತ್ತೇನೆ. ನೀನು ಜೋಡಿಸಿಕೊಟ್ಟ ಕಂಪ್ಯೂಟರ್ ನಾಲ್ಕು ದಿನದಿಂದ ಹಟ ಹಿಡಿದಿದೆ. ಬಟನ್ ಒತ್ತಿದರೆ ಫ್ಯಾನ್ ತಿರುಗುತ್ತದೆ, ದೀಪ ಹತ್ತುತ್ತದೆ, ಪರದೆ ಮಾತ್ರ ಕಪ್ಪಗೆ ಕೂತಿರುತ್ತದೆ. ಒಳಗಿನಿಂದ ಮೂರು ಸಲ ಉದ್ದಕ್ಕೆ ಕೂಗಿ ಸುಮ್ಮನಾಗುತ್ತದೆ. ಐದನೆಯ ಸಲಕ್ಕೋ ಆರನೆಯ ಸಲಕ್ಕೋ ಮನಸ್ಸು ಬಂದರೆ ಏಳುತ್ತದೆ. ಎದ್ದಾಗ ಗಡಿಯಾರದಲ್ಲಿ ಯಾವುದೋ ಕಾಲದ ಜನವರಿ ಒಂದನೇ ತಾರೀಕು. ಬೆಳಗಿನ ಚಳಿಯಲ್ಲಂತೂ ಏಳುವುದೇ ಇಲ್ಲ.

ಅದು ನಿಂತರೆ ಈ ಮನೆಯಲ್ಲಿ ನಾನು ಮೂಗ. ಗಂಟಲು ತೆಗೆದು ಇಪ್ಪತ್ತೊಂದು ತಿಂಗಳಾಯಿತು. ನಾನು ಬರೆಯಬಲ್ಲೆ, ಕಟ್ಟಿಕೊಂಡ ಹೆಂಡತಿ ಓಬಿಗೆ ಓದಲು ಬರುವುದಿಲ್ಲ. ಆಸ್ಪತ್ರೆಯವರು ಕುತ್ತಿಗೆಗೆ ಒತ್ತಿ ಹಿಡಿಯುವ ಯಂತ್ರ ಕೊಟ್ಟಿದ್ದರಲ್ಲ, ಅದರಲ್ಲಿ ಒಂದೇ ಸಲ ಅವಳ ಹೆಸರು ಹಿಡಿದು ಕರೆದೆ. ಜೀರುಂಡೆ ಕೂಗಿದ ಹಾಗೆ ಬಂತು. ಅವಳು ಸೆರಗು ಬಾಯಿಗೆ ಹಿಡಿದುಕೊಂಡು ಹಿತ್ತಿಲಿಗೆ ಹೋದಳು. ಮತ್ತೆ ಅದನ್ನು ಮುಟ್ಟಿಲ್ಲ. ಆಪರೇಷನ್ನಿಗೆ ಮುಂಚೆ ನಿನ್ನ ಅಂಗಡಿಯಲ್ಲಿ ಕೂತು ನಾನು ಮಾತಾಡಿಟ್ಟ ಇನ್ನೂರ ಹದಿನಾಲ್ಕು ಮಾತುಗಳೇ ನನ್ನ ಬಾಯಿ. ಪಟ್ಟಿಯಲ್ಲಿ ಹುಡುಕಿ ಒತ್ತಿದರೆ "ಓಬೀ, ಊಟ ಆತಾ?" ಎಂದು ನನ್ನ ದನಿಯಲ್ಲೇ ಕೇಳುತ್ತದೆ, ಅವಳು ಅದರ ಕಡೆಗೇ ಮುಖ ಮಾಡಿ ಜಗಳ ಆಡುತ್ತಾಳೆ.

ನಿನ್ನೆ ಅದರ ಮೂರು ಕೂಗು ಕೇಳಿ, "ಅದಕ್ಕೂ ನಿಮ್ಮಂಗೇ ಗಂಟ್ಲು ಹೋತೇನ್ರಿ?" ಅಂದಳು. ನಗೆ ಬಂತು. ನನ್ನ ನಗುವೂ ಈಗ ಬರೀ ಗಾಳಿ.

ಪೆಟ್ಟಿಗೆಯನ್ನು ಮಾಳಿಂಗಪ್ಪನ ಬಸ್ಸಿಗೆ ಹಾಕಲೇ, ಹೇಳು. ಈ ಕಾಗದವನ್ನೂ ಅವನ ಕೈಯಲ್ಲೇ ಕೊಡುತ್ತಿದ್ದೇನೆ. ಬಸ್ ಸ್ಟ್ಯಾಂಡಿನಲ್ಲಿ ಇಪ್ಪತ್ತೆಂಟು ವರ್ಷ ಊರುಗಳ ಹೆಸರು ಕೂಗಿ ಕೂಗಿ ಅವನ ಬಸ್ಸು ತುಂಬಿಸಿದ್ದೇನೆ, ಒಂದು ಕವರು ಒಯ್ಯಲು ಕಂಡಕ್ಟರ್ ಸಾಹೇಬರಿಗೇನು ಭಾರ? ಮನೆಯ ಫೋನಿಗೆ ಮಾಡಬೇಡ. ಎತ್ತುವವಳು ಓಬಿ, ಸುಮ್ಮನೆ ಗಾಬರಿಯಾಗುತ್ತಾಳೆ.

ಇನ್ನೊಂದು ಮಾತು. ಕೀಬೋರ್ಡಿನ ಕೊನೆಯ ಬಟನ್ನಿಗೆ ಹಾಕಿಟ್ಟ ಮಾತನ್ನು ಕೇಳಬೇಡ. ಅದು ಓಬಿಗೆ, ನಾನು ಹೋದ ಮೇಲೆ. ಗುರುತಿಗೆ ಅವಳು ತನ್ನ ಹಣೆಯ ಕೆಂಪು ಬೊಟ್ಟನ್ನೇ ತೆಗೆದು ಅಂಟಿಸಿದ್ದಾಳೆ.

ನಿನ್ನ
ರಾಮಚಂದ್ರಪ್ಪ


ದಾವಣಗೆರೆ
14 ಡಿಸೆಂಬರ್ 2024

ರಾಮಣ್ಣ,

ನಮಸ್ಕಾರ. ಪೆಟ್ಟಿಗೆ ಮಾತ್ರ ಕಳಿಸಿ. ಪರದೆ, ಕೀಬೋರ್ಡ್ ಅಲ್ಲೇ ಇರಲಿ. ಸುತ್ತಲೂ ಹಳೇ ಸೀರೆ ಸುತ್ತಿ, ಡ್ರೈವರ್ ಹಿಂದಿನ ಸೀಟಿನ ಕೆಳಗೆ ಇಡಲು ಹೇಳಿ. ನಾನೇ ಸ್ಟ್ಯಾಂಡಿಗೆ ಹೋಗಿ ಇಳಿಸಿಕೊಳ್ಳುತ್ತೇನೆ.

ಗಾಬರಿಯಾಗಬೇಡಿ. ತಾರೀಕು ತಪ್ಪುತ್ತಿದೆ ಎಂದರೆ ಒಳಗಿನ ನಾಣ್ಯದಂಥ ಬ್ಯಾಟರಿ ಸತ್ತಿದೆ. ಮೂರು ಕೂಗು ಎಂದರೆ ಮೆಮೊರಿ ಸಿಗುತ್ತಿಲ್ಲ ಎಂದು ಅರ್ಥ. ಮಕ್ಕಳ ರಬ್ಬರಿನಿಂದ ಅದರ ಹಲ್ಲು ಉಜ್ಜಿದರೆ ಅರ್ಧ ಕಂಪ್ಯೂಟರ್‌ಗಳು ಸರಿಹೋಗುತ್ತವೆ. ನೀವು ಆ ಹನ್ನೊಂದು ದಿನ ನನ್ನ ಅಂಗಡಿಯಲ್ಲಿ ಹೊರಗಿನ ಸದ್ದು ಬರದ ಹಾಗೆ ಶಟರಿಗೆ ದುಪ್ಪಟಿ ಕಟ್ಟಿಸಿಕೊಂಡು ಮಾತಾಡಿದ್ದು ಮರೆತಿಲ್ಲ. ಕೊನೆಯ ದಿನ "ಹೋಗಿ ಚಾ ಕುಡ್ದು ಬಾರೋ" ಎಂದು ನನ್ನನ್ನು ಹೊರಗೆ ಕಳಿಸಿದಿರಿ. ಆವತ್ತು ಕೇಳದವನು ಈಗ ಕೇಳುತ್ತೇನೆಯೇ?

ಕಾಲೇಜಿಗೆ ಹೋಗುವಾಗ ನನಗಾಗಿ ಎಷ್ಟು ಸಲ ಬಸ್ಸು ನಿಲ್ಲಿಸಿದ್ದೀರಿ. ಇಷ್ಟು ಮಾಡದಿದ್ದರೆ ಹೇಗೆ?

ನಿಮ್ಮ
ನಾಗಭೂಷಣ್


ದಾವಣಗೆರೆ
29 ಡಿಸೆಂಬರ್ 2024

ರಾಮಣ್ಣ,

ತಡವಾಯಿತು, ಬೈಯಬೇಡಿ. ಬ್ಯಾಟರಿ ಬದಲಿಸಿದೆ, ತಾರೀಕು ಸರಿಯಾಯಿತು. ಮೆಮೊರಿ ಉಜ್ಜಿದೆ, ಬೇರೆಯದನ್ನೇ ಹಾಕಿ ನೋಡಿದೆ. ಕರೆಂಟು ಹಂಚುವ ಡಬ್ಬಿ ಕೆಟ್ಟಿರಬಹುದು ಎಂದು ಇನ್ನೊಂದನ್ನು ಕೊಟ್ಟೆ. ಎಲ್ಲವನ್ನೂ ಬಿಚ್ಚಿ, ಬರೀ ಬೋರ್ಡನ್ನು ರಟ್ಟಿನ ಮೇಲಿಟ್ಟು ಹಚ್ಚಿದೆ. ಮಧ್ಯಾಹ್ನ ಏಳುತ್ತದೆ, ಬೆಳಿಗ್ಗೆ ಅಂಗಡಿ ತೆಗೆದ ಕೂಡಲೇ ಒತ್ತಿದರೆ ಮತ್ತೆ ಅದೇ ಮೂರು ಕೂಗು.

ಈಗ ಉಳಿದಿರುವುದು ಒಂದೇ ಅನುಮಾನ. ಬೋರ್ಡಿನ ಮೇಲೆ ಒಂದು ಸಣ್ಣ ಚಿಪ್ ಇದೆ. ಬಟನ್ ಒತ್ತಿದಾಗ ಮೊದಲು ಏಳುವುದು ಅದರೊಳಗಿನ ಬರವಣಿಗೆ, ಬಯಾಸ್ ಅಂತ. ಮೆಮೊರಿ ಬಂತಾ, ಡಿಸ್ಕ್ ಬಂತಾ ಎಂದು ಒಂದೊಂದನ್ನೇ ಕರೆದು ಹತ್ತಿಸಿಕೊಂಡು ಆಮೇಲೆ ಗಾಡಿ ಬಿಡುತ್ತದೆ. ನೀವು ಸ್ಟ್ಯಾಂಡಿನಲ್ಲಿ ಮಾಡುತ್ತಿದ್ದ ಕೆಲಸವೇ. ನಿಮ್ಮ ಬೋರ್ಡಿನಲ್ಲಿರುವುದು ಹಳೆಯದು. ಕಂಪನಿಯವರು ಹೊಸದನ್ನು ಬಿಟ್ಟಿದ್ದಾರೆ, ಚಳಿಯಲ್ಲಿ ಮೆಮೊರಿ ಸಿಗದ ತೊಂದರೆ ಅದರಲ್ಲಿ ಹೋಗುತ್ತದೆಯಂತೆ. ಪೆನ್ ಡ್ರೈವಿನಲ್ಲಿ ಹಾಕಿ ಬದಲಿಸಬೇಕು, ಏಳೆಂಟು ನಿಮಿಷ. ನಡುವೆ ಕರೆಂಟು ಹೋದರೆ ಬೋರ್ಡೇ ಸತ್ತಂತೆ. ಹಾಗಾಗಿ ಯುಪಿಎಸ್ ಚಾರ್ಜ್ ಮಾಡಿಕೊಂಡು ಮಾಡುತ್ತೇನೆ. ಒಪ್ಪಿಗೆಯಾ?

ನಿಮ್ಮ
ನಾಗಭೂಷಣ್


ಹರಿಹರ
2 ಜನವರಿ 2025

ಭೂಷಣ,

ಅದೇನು ಬದಲಿಸುತ್ತೀಯೋ ಬದಲಿಸು, ಬೇಗ ಕಳಿಸು. ಮೂರು ವಾರ ಆಯಿತು.

ಸೋಮವಾರ ಏನಾಯಿತು ಕೇಳು. ಲೋಕಿಕೆರೆಯಲ್ಲಿ ಓಬಿಯ ತಮ್ಮನ ಮೊಮ್ಮಗಳ ನಾಮಕರಣ. ನೀನೊಬ್ಬಳೇ ಹೋಗಿ ಬಾ ಎಂದು ಕೈಸನ್ನೆ ಮಾಡಿದೆ. ಯಾಕೆ ಎಂದು ಹಟ ಹಿಡಿದಳು. ಯಾಕೆ ಎನ್ನುವುದಕ್ಕೆ ಕೈಯಲ್ಲಿ ಸನ್ನೆ ಎಲ್ಲಿದೆ? ಕಾಗದದಲ್ಲಿ ಬರೆದೆ. ಪಕ್ಕದ ಮನೆಯ ಆಶಾರಾಣಿ ಬ್ಲೌಸ್ ಹೊಲಿಯುವುದನ್ನು ಬಿಟ್ಟು ಬಂದು ಓದಿ ಹೇಳಿದಳು. ಒಳ್ಳೆಯ ಹೆಣ್ಣುಮಗಳು, ಆದರೆ ಸೊಸೈಟಿಯ ನೋಟೀಸು ಓದಿದ ಹಾಗೆ ಓದಿದಳು. "ನಾನು ನಾಮಕರಣಕ್ಕೆ ಬರುವುದಿಲ್ಲ, ನೀನು ಹೋಗು." ಅಷ್ಟೇ. "ನನ್ನ ಕುತ್ತಿಗೆಯ ತೂತು ನೋಡಿ ಮಕ್ಕಳು ಹೆದರುತ್ತವೆ, ಅದಕ್ಕೆ" ಎಂದು ಕೆಳಗೆ ಬರೆದಿದ್ದೆ. ಅದನ್ನು ಓದದೆ ಬಿಟ್ಟಳು. ನನ್ನ ಮರ್ಯಾದೆ ಉಳಿಸಿದೆ ಎಂದುಕೊಂಡಿರಬೇಕು. ಓಬಿಗೆ ನಾನು ಅವಳ ತವರಿನವರ ಮೇಲೆ ಸಿಟ್ಟಾಗಿದ್ದೇನೆ ಅನ್ನಿಸಿತು. ಅವಳೂ ಹೋಗಲಿಲ್ಲ. ಇಬ್ಬರೂ ಎರಡು ದಿನ ಗೋಡೆ ನೋಡಿಕೊಂಡು ಉಂಡೆವು.

ಆ ಪೆಟ್ಟಿಗೆಯಲ್ಲಿ "ಸಿಟ್ಟಿಲ್ಲ ಕಣೆ" ಎನ್ನುವ ಮಾತೂ ಒಂದಿತ್ತು. ನೂರಾ ಮೂರನೆಯದು.

ನಿನ್ನ
ರಾಮಚಂದ್ರಪ್ಪ


ದಾವಣಗೆರೆ
9 ಜನವರಿ 2025

ರಾಮಣ್ಣ,

ಶುಭ ಸಮಾಚಾರ. ಬಯಾಸ್ ಬದಲಿಸಿದೆ, ಏಳು ನಿಮಿಷ ಯುಪಿಎಸ್ ದೀಪವನ್ನೇ ನೋಡುತ್ತಾ ನಿಂತಿದ್ದೆ. ಕರೆಂಟೂ ಹೋಗಲಿಲ್ಲ. ಈಗ ಬೆಳಿಗ್ಗೆ ಎಂಟಕ್ಕೆ ಒತ್ತಿದರೂ ಮೊದಲ ಸಲಕ್ಕೇ ಏಳುತ್ತಿದೆ, ಒಂದು ಕೂಗೂ ಇಲ್ಲ.

ಒಂದು ಸಣ್ಣ ವಿಷಯ. ಎದ್ದ ಮೇಲೆ ನಲವತ್ತೆಂಟು ಅಂಕಿಯ ನಂಬರ್ ಕೇಳುತ್ತಿದೆ. "ನಾನು ಮಾತಾಡಿದ್ದು ಯಾರ ಕೈಗೂ ಸಿಗಬಾರದು" ಎಂದು ನೀವು ಹೇಳಿದ್ದಕ್ಕೆ ಡಿಸ್ಕಿಗೆ ಬೀಗ ಹಾಕಿದ್ದೆನಲ್ಲ, ಅದರ ನಂಬರ್. ಆವತ್ತು ಒಂದು ಚೀಟಿಯಲ್ಲಿ ಪ್ರಿಂಟ್ ತೆಗೆದು ನಿಮ್ಮ ಜೇಬಿಗೆ ಹಾಕಿದ್ದೆ. ಅದನ್ನು ಮಾಳಿಂಗಪ್ಪನ ಕೈಲಿ ಕಳಿಸಿ. ಸಾಧ್ಯವಾದರೆ ನಾಳೆಯೇ.

ನಿಮ್ಮ
ನಾಗಭೂಷಣ್


ಹರಿಹರ
11 ಜನವರಿ 2025

ಭೂಷಣ,

ಚೀಟಿ ಇಲ್ಲ. ಬಸ್ಸಿನಲ್ಲಿ ಎಲ್ಲೋ ಬಿದ್ದುಹೋಗಿದೆ. ಎಲ್ಲಿ, ಯಾವಾಗ ಎಂದೆಲ್ಲ ಕೇಳಬೇಡ. ಅದೇ ನಂಬರನ್ನು ನೀನು ಅಂಗಡಿಯ ಉದ್ದ ನೋಟ್‌ಬುಕ್ಕಿನಲ್ಲಿ ನನ್ನ ಕಣ್ಣೆದುರಿಗೇ ಬರೆದುಕೊಂಡೆ. ಅದನ್ನು ತೆಗೆದು ನೋಡು.

ರಾಮಚಂದ್ರಪ್ಪ


ದಾವಣಗೆರೆ
21 ಜನವರಿ 2025

ರಾಮಣ್ಣ,

ಹತ್ತು ದಿನ ಬರೆಯಲು ಧೈರ್ಯವಾಗಲಿಲ್ಲ. ಈಗಲೂ ಇಲ್ಲ, ಆದರೂ ಬರೆಯುತ್ತೇನೆ.

ನಮ್ಮ ಅಂಗಡಿಗಳ ಪದ್ಧತಿ ನಿಮಗೆ ಗೊತ್ತು. ದೀಪಾವಳಿಗೆ ಅಂಗಡಿ ತೊಳೆದು ಹೊಸ ಪುಸ್ತಕಕ್ಕೆ ಅರಿಶಿನ ಕುಂಕುಮ ಹಚ್ಚಿ ಪೂಜೆ ಮಾಡುತ್ತೇವೆ, ಹಳೆಯವನ್ನು ಹೊರಗೆ ಹಾಕುತ್ತೇವೆ. ನಮ್ಮಪ್ಪ ಹಾಗೆ ಮಾಡುತ್ತಿದ್ದರು, ನಾನೂ ಮಾಡಿದೆ. ನಾಲ್ಕು ವರ್ಷದ ನೋಟ್‌ಬುಕ್ಕುಗಳನ್ನು ತೂಕಕ್ಕೆ ಹಾಕಿ ರದ್ದಿಯ ಶಿವಯೋಗಪ್ಪನಿಗೆ ಕೊಟ್ಟುಬಿಟ್ಟೆ. ಯಾರ ನಂಬರ್ ಯಾವುದರಲ್ಲಿದೆ ಎಂದು ಒಂದು ಸಲ ತಿರುವಿ ನೋಡಲಿಲ್ಲ.

ಶಿವಯೋಗಪ್ಪನ ಹತ್ತಿರ ಓಡಿದೆ. "ದೀಪಾವಳಿ ಮಾಲು ಈಗ ಕೇಳ್ತೀಯಲ್ಲೋ ಮಾರಾಯ, ಮಂಡಕ್ಕಿ ಅಂಗಡಿಗಳಿಗೆ ಹೋಗಿ ತಿಂಗಳಾತು" ಎಂದ. ಒಂಬತ್ತು ದಿನ ಮಂಡಕ್ಕಿ ಅಂಗಡಿಗಳನ್ನು ಸುತ್ತಿದೆ. ಪೊಟ್ಟಣದ ಕಾಗದ ನೋಡಲು ಬೇಡದ ಮಂಡಕ್ಕಿ ತಿಂದೆ, ಮೆಣಸಿನಕಾಯಿ ಬಜ್ಜಿ ತಿಂದೆ. ಜನ ಬಿಸಾಡಿದ ಪೊಟ್ಟಣ ಬಿಡಿಸಿ ನೋಡುತ್ತಿದ್ದವನನ್ನು ಕಂಡು ಒಬ್ಬರು ಹುಚ್ಚನೆಂದು ತಿಳಿದು ಒಂದು ಪ್ಲೇಟ್ ಕೊಡಿಸಿದರು. ನನ್ನ ಕೈಬರಹದ ಮೂರು ಹಾಳೆ ಸಿಕ್ಕವು. ಮೂರನೆಯದರ ಕೊನೆಯಲ್ಲಿ, ಎಣ್ಣೆ ಕಲೆಯ ಕೆಳಗೆ, ಹೀಗಿದೆ: "ರಾಮಣ್ಣ, ಹರಿಹರ. ಬೀಗದ ನಂಬರ್ ಮುಂದಿನ ಪುಟದಲ್ಲಿ."

ಮುಂದಿನ ಪುಟ ಸಿಗಲಿಲ್ಲ.

ಇನ್ನೂ ಒಂದು ಹೇಳಬೇಕು. ಆ ಬೀಗ ತಾನಾಗಿ ಬಿದ್ದದ್ದಲ್ಲ. ಬಯಾಸ್ ಬದಲಿಸುವ ಮುಂಚೆ ಬೀಗವನ್ನು ಸ್ವಲ್ಪ ಹೊತ್ತು ಸಡಿಲಿಸಿ ಇಡಬೇಕು. ಇಡದಿದ್ದರೆ ಬೋರ್ಡು ಬದಲಾಯಿತು, ಕಳ್ಳ ಬಂದಿದ್ದಾನೆ ಎಂದು ಅದು ತಿಳಿಯುತ್ತದೆ. ನನಗೆ ಇದು ಗೊತ್ತಿತ್ತು. ಗೊತ್ತಿದ್ದೂ ಮರೆತೆ. ಆವತ್ತು ಕರೆಂಟು ಹೋಗದಿದ್ದರೆ ಸಾಕು ಎನ್ನುವುದೊಂದೇ ತಲೆಯಲ್ಲಿತ್ತು. ಹಳೆಯದನ್ನೇ ಮತ್ತೆ ಹಾಕಿ ನೋಡಿದೆ, ಒಪ್ಪಲಿಲ್ಲ. ಬಲ್ಲವರನ್ನೆಲ್ಲ ಕೇಳಿದೆ. ನಂಬರ್ ಇಲ್ಲದೆ ಯಾರಿಂದಲೂ ಆಗದಂತೆ. ನಿಮ್ಮ ಮಾತುಗಳ ಒಂದು ನಕಲು ನನ್ನ ಹತ್ತಿರ ಇರಲಿ ಎಂದು ನಾನು ಆವತ್ತು ಕೇಳಿದ್ದೆ, ನೀವು ಬೇಡ ಎಂದಿರಿ. ಇದನ್ನು ತಪ್ಪಿಸಿಕೊಳ್ಳಲು ಬರೆಯುತ್ತಿಲ್ಲ. ತಪ್ಪು ನನ್ನದೇ.

ನಾಗಭೂಷಣ್


ಹರಿಹರ
24 ಜನವರಿ 2025

ನಾಗಭೂಷಣ್ ಅವರಿಗೆ,

ಡಾಕ್ಟರು ನನ್ನ ಗಂಟಲು ತೆಗೆದರು. ಹೇಳಿ ತೆಗೆದರು, ಸಹಿ ಹಾಕಿಸಿಕೊಂಡು ತೆಗೆದರು. ನೀನು ಸರಿಮಾಡುತ್ತೇನೆ ಎಂದು ಹೇಳಿ ತೆಗೆದೆ.

ಇನ್ನು ಕಾಗದ ಬರೆಯಬೇಡ. ಮಾಳಿಂಗಪ್ಪನಿಗೂ ಹೇಳಿದ್ದೇನೆ.

ರಾಮಚಂದ್ರಪ್ಪ


ದಾವಣಗೆರೆ
16 ಮಾರ್ಚ್ 2025

ರಾಮಣ್ಣ,

ಎರಡು ಕಾಗದ ಒಡೆಯದೇ ವಾಪಸ್ಸು ಬಂದವು. ಇದನ್ನಾದರೂ ತೆಗೆದುಕೊಳ್ಳಿ. ಮಾಳಿಂಗಪ್ಪ ತಲೆ ತಗ್ಗಿಸಿಕೊಂಡು, "ರಾಮಣ್ಣ ಬ್ಯಾಡ ಅಂತಾನೆ ಕಣಪ್ಪ, ನನ್ನ ಮ್ಯಾಲೆ ಸಿಟ್ಟಾಗ್ಬ್ಯಾಡ" ಎಂದ. ಅವನೇ ನೀವು ದಾವಣಗೆರೆಯ ಆಸ್ಪತ್ರೆಗೆ ಎರಡು ಸಲ ಬಂದು ಹೋದಿರಿ ಎಂದೂ ಹೇಳಿದ. ನನ್ನ ಅಂಗಡಿಯ ಮುಂದೆಯೇ ಹಾದು ಹೋಗಿರುತ್ತೀರಿ. ಯಾಕೆ ಬಂದಿದ್ದಿರಿ?

ದಿನಾ ಬೆಳಿಗ್ಗೆ ಶಟರ್ ಎತ್ತಿ ಮೊದಲು ನಿಮ್ಮ ಪೆಟ್ಟಿಗೆಯನ್ನೇ ಹಚ್ಚುತ್ತೇನೆ. ಒಂದೇ ಒತ್ತಿಗೆ ಏಳುತ್ತದೆ. ಇಷ್ಟು ಚೆನ್ನಾಗಿ ಏಳುವ ಯಂತ್ರ ನನ್ನ ಅಂಗಡಿಯಲ್ಲಿ ಇನ್ನೊಂದಿಲ್ಲ. ನೀಲಿ ಪರದೆ ಬರುತ್ತದೆ, ನಂಬರ್ ಹಾಕು ಎನ್ನುತ್ತದೆ. ನಾನು ಸ್ವಲ್ಪ ಹೊತ್ತು ನೋಡಿ ಆರಿಸುತ್ತೇನೆ.

ನೀವು ಬೈದು ಬರೆದರೂ ಸರಿ. ಬರೆಯಿರಿ.

ನಾಗಭೂಷಣ್


ಹರಿಹರ
8 ಏಪ್ರಿಲ್ 2025

ಭೂಷಣ,

ಕಾಗದ ತೆಗೆದುಕೊಂಡೆ. ಸಿಟ್ಟು ಇಟ್ಟುಕೊಳ್ಳುವುದಕ್ಕೂ ತ್ರಾಣ ಬೇಕು.

ಆಸ್ಪತ್ರೆಗೆ ಬಂದದ್ದು ನಿಜ. ಗಂಟಲಿನದು ಎದೆಗೆ ಇಳಿದಿದೆ. ಮಳೆಗಾಲ ನೋಡುತ್ತೇನೋ ಇಲ್ಲವೋ, ಡಾಕ್ಟರು ಫೈಲು ನೋಡಿಕೊಂಡೇ ಮಾತಾಡಿದರು. ಓಬಿಗೆ ಅರ್ಧ ಗೊತ್ತು.

ನಿನಗೆ ಒಂದು ಸುಳ್ಳು ಹೇಳಿದ್ದೆ. ಚೀಟಿ ಬಸ್ಸಿನಲ್ಲಿ ಕಳೆದಿಲ್ಲ. ದೇವರ ಗೂಡಿನ ಕೆಳಗೆ, ಕರೆಂಟು ಬಿಲ್ಲುಗಳ ಜೊತೆ ಇಟ್ಟಿದ್ದೆ. ನೀನು ಕೇಳಿದ ದಿನ ಹುಡುಕಿದರೆ ಬಿಲ್ಲುಗಳೂ ಇಲ್ಲ, ಚೀಟಿಯೂ ಇಲ್ಲ. ಹಳೇ ಕಾಗದವೆಂದು ಓಬಿ ನೀರೊಲೆಗೆ ಹಾಕಿದ್ದಾಳೆ. ನಾನು ಒಲೆಯ ಮುಂದೆ ಕೂತುಬಿಟ್ಟೆ. "ಏನು ಹುಡುಕ್ತೀರಿ?" ಎಂದಳು. ಏನಿಲ್ಲ ಎಂದು ಕೈಯಾಡಿಸಿದೆ. ನಿನಗೆ ಬೈದು ಬರೆದಾಗ ಇದು ನನಗೆ ಗೊತ್ತಿತ್ತು. ಅವಳಿಗೆ ಬೈಯಲಾರದ್ದನ್ನೂ ಸೇರಿಸಿ ನಿನಗೇ ಬೈದೆ. ಅವಳಿಗೆ ಈ ವಿಷಯ ಎಂದಿಗೂ ತಿಳಿಯಬಾರದು. ಇದೊಂದನ್ನು ನಡೆಸಿಕೊಡು.

ಹೋದದ್ದು ಇನ್ನೂರ ಹದಿನಾಲ್ಕು ಮಾತಲ್ಲ ಭೂಷಣ. ಚಾ, ನೀರು, ಊಟ, ಇವಕ್ಕೆಲ್ಲ ಕೈ ಸಾಕು. ಹೋದದ್ದು ಕೊನೆಯ ಬಟನ್ನಿನ ಹನ್ನೆರಡು ನಿಮಿಷ. ಬೆಳಗಿನಿಂದ ರಾತ್ರಿಯವರೆಗೆ ಮಲೆಬೆನ್ನೂರು, ಹೊನ್ನಾಳಿ, ಶಿವಮೊಗ್ಗ ಎಂದು ಕೂಗಿ ಮನೆಗೆ ಬರುತ್ತಿದ್ದೆ. ಬಂದಾಗ ಗಂಟಲಲ್ಲಿ ಏನೂ ಉಳಿದಿರುತ್ತಿರಲಿಲ್ಲ. ಅವಳು ಏನಾದರೂ ಕೇಳಿದರೆ "ಹೂಂ". ಇಪ್ಪತ್ತೆಂಟು ವರ್ಷ ಅವಳು ನನ್ನಿಂದ ಕೇಳಿದ್ದು ಅದೇ. ನಮ್ಮ ಮಗು ತೀರಿಕೊಂಡಾಗಲೂ ನಾನು ಒಂದು ಮಾತಾಡಲಿಲ್ಲ, ಮಾರನೇ ದಿನ ಸ್ಟ್ಯಾಂಡಿಗೆ ಹೋಗಿ ಕೂಗಿದೆ. ಅದನ್ನೆಲ್ಲ ಆ ಹನ್ನೆರಡು ನಿಮಿಷದಲ್ಲಿ ಹೇಳಿದ್ದೆ. ಹೆಸರು ಹಿಡಿದು ಹಿಡಿದು ಹೇಳಿದ್ದೆ.

ಈಗ ಅದನ್ನೇ ಕಾಗದದಲ್ಲಿ ಬರೆಯುತ್ತಿದ್ದೇನೆ. ಓದುವವರು ಯಾರೂ ಇಲ್ಲವೆಂದು ಗೊತ್ತಿದ್ದೂ ಬರೆಯುತ್ತಿದ್ದೇನೆ.

ನಿನ್ನ
ರಾಮಚಂದ್ರಪ್ಪ


ದಾವಣಗೆರೆ
12 ಏಪ್ರಿಲ್ 2025

ರಾಮಣ್ಣ,

ನಿಮ್ಮ ಕಾಗದವನ್ನು ಅಂಗಡಿಯಲ್ಲಿ ಓದಲಾಗದೆ ಹೊರಗೆ ಹೋಗಿ ಓದಿದೆ. ಚೀಟಿಯ ವಿಷಯ ಓಬಕ್ಕನಿಗೆ ನನ್ನಿಂದ ತಿಳಿಯುವುದಿಲ್ಲ.

ಬರೆದದ್ದನ್ನು ನಾನು ಬಂದು ಅಕ್ಕನಿಗೆ ಓದಿ ಹೇಳಲೇ? ಹನ್ನೊಂದು ದಿನ ಹೆಡ್‌ಫೋನ್ ಹಾಕಿಕೊಂಡು ನಿಮ್ಮ ದನಿ ಕೇಳಿದ್ದೇನೆ. ಎಲ್ಲಿ ಎಳೆಯುತ್ತೀರಿ, ಎಲ್ಲಿ ನಿಲ್ಲಿಸುತ್ತೀರಿ, ಎಲ್ಲ ಗೊತ್ತು. ಒಂದು ಸಾಲೂ ಬಿಡದೆ ಓದುತ್ತೇನೆ.

ನಿಮ್ಮ
ನಾಗಭೂಷಣ್


ಹರಿಹರ
15 ಏಪ್ರಿಲ್ 2025

ಭೂಷಣ,

ಬೇಡ. ಹೆಂಡತಿಗೆ ಹೇಳಬೇಕಾದ್ದನ್ನು ಇನ್ನೊಬ್ಬನ ಬಾಯಲ್ಲಿ ಹೇಳಿಸಲಾರೆ, ಆ ಬಾಯಿ ನಿನ್ನದಾದರೂ.

ಪೆಟ್ಟಿಗೆ ನಿನ್ನ ಹತ್ತಿರವೇ ಇರಲಿ. ಅಳಿಸಬೇಡ. ಒಳಗೆ ಇದೆ ಎಂದು ಗೊತ್ತಿದ್ದರೆ ಸಾಕು. ಬರುವುದಾದರೆ ಸುಮ್ಮನೆ ಬಾ, ಕೂತು ಹೋಗು.

ನಿನ್ನ
ರಾಮಚಂದ್ರಪ್ಪ


ಹರಿಹರ
17 ಆಗಸ್ಟ್ 2025

(ಓಬವ್ವ ಆಂಟಿ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದಿದ್ದೇನೆ ಸರ್. ಈ ಸಲ ಯಾವ ಸಾಲನ್ನೂ ಬಿಟ್ಟಿಲ್ಲ. ಕೊನೆಯ ಸಹಿ ಮಾತ್ರ ಅವರ ಕೈಯದೇ. ಆಶಾರಾಣಿ.)

ಭೂಷಣ,

ಹೆಂಗಿದೀಯಪ್ಪ. ಅವರು ಹೋದಾಗ ಮಣ್ಣಿಗೆ ಬಂದಿದ್ದೆ, ತಿಥಿಗೂ ಬಂದಿದ್ದೆ, ಎರಡು ಸಲಾನೂ ನನ್ನ ಮಕ ನೋಡ್ಲಿಲ್ಲ ನೀನು. ಅದಕ್ಕೆ ಬರೆಸ್ತಿದೀನಿ.

ಆ ಚೀಟಿ ನಾನೇ ಒಲೆಗೆ ಹಾಕಿದ್ದು. ನನಗೆ ಗೊತ್ತೈತೆ. ನೀನು ಚೀಟಿ ಕೇಳಿ ಕಳಿಸಿದೀಯ ಅಂತ ಮಾಳಿಂಗಪ್ಪ ಅಂದಿದ್ದ. ಅವರು ಅವತ್ತು ದೇವರ ಗೂಡು ಹುಡುಕಿದ್ರು, ಆಮ್ಯಾಲೆ ನೀರೊಲೆ ಮುಂದೆ ಕುಂತು ಬೂದಿ ನೋಡಿದ್ರು. ಏನು ಅಂದೆ, ಏನಿಲ್ಲ ಅಂತ ಕೈ ಮಾಡಿದ್ರು. ಅಷ್ಟು ತಿಳೀದಷ್ಟು ದಡ್ಡಿ ಅಲ್ಲ ನಾನು. ಅವರು ನನಗೆ ಗೊತ್ತಾಗಬಾರದು ಅಂತ ಇದ್ರು, ನನಗೆ ಗೊತ್ತೈತೆ ಅಂತ ಅವರಿಗೆ ತೋರಿಸ್ಕೊಳ್ಳಲಿಲ್ಲ. ಹಂಗೇ ಹೋದ್ರು. ನೀನೊಬ್ಬನೇ ಹೊತ್ಕೊಂಡು ತಿರುಗಬ್ಯಾಡ.

ಮಣ್ಣು ಮಾಡಿ ಬಂದ ದಿನ ಸ್ನಾನ ಮಾಡಿ, ಆ ಕೆಂಪು ಬೊಟ್ಟಿನ ಬಟನ್ ಒತ್ತಿದೆ. ಕೀಬೋರ್ಡು ಇಲ್ಲೇ ಐತಲ್ಲ. ಅದರ ವೈರು ಯಾವುದಕ್ಕೂ ಸೇರಿಲ್ಲ ಅಂತ ಗೊತ್ತಿತ್ತು. ನಾನು ಹೋದ ಮ್ಯಾಲೆ ಒತ್ತು ಅಂದಿದ್ರು, ಒತ್ತಿದೆ.

ಅವರು ಬರೆದಿಟ್ಟ ಒಂಬತ್ತು ಹಾಳೆ ಅಕ್ಕಿ ಡಬ್ಬೀಲಿ ಐತೆ. ಆಶಾರಾಣಿ ಓದ್ತೀನಿ ಅಂದ್ಲು, ಬ್ಯಾಡ ಅಂದೆ. ಯಾರ ಬಾಯಾಗೂ ಬ್ಯಾಡ. ನಾನೇ ಕಲೀತೀನಿ ಅಂತ ಸಂಜೆ ಹೊತ್ತು ಇವಳ ಮಿಷನ್ ಪಕ್ಕ ಕುಂದರ್ತೀನಿ. ಎರಡು ತಿಂಗಳಾತು, ನಾಕು ಅಕ್ಷರ ಬಂದಾವೆ. ಇವತ್ತು ಕಲ್ತಿದ್ದು ನಾಳಿಗೆ ಇರಲ್ಲ. ಕಣ್ಣು ಬ್ಯಾರೆ ಮಂಜು. ಒಂಬತ್ತು ಹಾಳೆ ಓದೋ ಹೊತ್ತಿಗೆ ನಾನು ಇರಲ್ಲ, ಅದು ನನಗೂ ಗೊತ್ತು, ಇವಳಿಗೂ ಗೊತ್ತು.

ಬಂದ ನಾಕರಲ್ಲಿ ನನ್ನ ಹೆಸರಿಂದು ಮೊದಲನೇದು ಒಂದು. ಮೊನ್ನೆ ಹಾಳೆ ಹರವಿಕೊಂಡು ಬೆರಳಿಟ್ಟು ಅದೊಂದನ್ನೇ ಹುಡುಕ್ಕೊಂಡು ಹೋದೆ. ಮೂವತ್ತೇಳು ಸಲ ಐತೆ. ಇವಳು ಹೇಳ್ತಾಳೆ, ಆಂಟಿ ಆ ಅಕ್ಷರ ಬ್ಯಾರೆ ಮಾತಿಗೂ ಬರ್ತೈತೆ, ಎಲ್ಲಾ ನಿಮ್ಮ ಹೆಸರೇ ಅಲ್ಲ ಅಂತ. ಬರ್ಲಿ ಬಿಡು. ಬದುಕಿರೋ ತನಕ ಹೂಂ ಅಂದೋರು ಮೂವತ್ತೇಳು ಸಲ ಕರೆದಾರೆ ಅಂತ ಇಟ್ಕೊಂಡೀನಿ. ಯಾಕ ಕರೆದ್ರು ಅನ್ನೋದು ಮಾತ್ರ ಗೊತ್ತಾಗಲ್ಲ.

ಓ